ಗೇಟು ತೆರೆದ ಫೋಟೊ

ಹೋದ ವಾರ ದೊಡ್ಡಬಳ್ಳಾಪುರ ರಸ್ತೆಯ ಒಂದು ಟೀ ಅಂಗಡಿ ಮುಂದೆ ಗಾಡಿ ನಿಲ್ಲಿಸಿದ್ದೆ. ಪಕ್ಕಕ್ಕೆ ಒಂದು ಲಗೇಜ್ ಆಟೋ ಬಂದು ನಿಂತಿತು. ಅದರ ತುಂಬ ಹಿಪ್ಪುನೇರಳೆ ಸೊಪ್ಪಿನ ಚೀಲ. ಬಿಗಿಯಾಗಿ ತುರುಕಿದ್ದರು, ಮೇಲೆ ಒದ್ದೆ ಗೋಣಿ ಕೂಡ ಹೊದಿಸಿರಲಿಲ್ಲ. ಬಿಸಿಲಿಗೆ ಸೊಪ್ಪು ಒಳಗೇ ಕಾವು ಏರಿ ಹುಳಿ ವಾಸನೆ ಹೊಡೆಯುತ್ತಿತ್ತು. ಬೇರೆಯವರು ಅದನ್ನು ಮೂಸಿಯೂ ನೋಡಿರಲಾರರು. ನಾನು ಅರ್ಧ ಟೀ ಚೆಲ್ಲಿ ಗಾಡಿ ಹತ್ತಿಬಿಟ್ಟೆ. ನಾನು ಲಾ ಕಾಲೇಜಿನ ವ್ಯಾನ್ ಓಡಿಸುತ್ತಿದ್ದ ವರ್ಷ, ಆ ಅವರೆಕಾಯಿ ಕಾಲದಲ್ಲಿ, ನಮ್ಮ ಅಕ್ಕನ ಮನೆ ತುಂಬ ಇದ್ದದ್ದು ಇದೇ ವಾಸನೆ.

ನಾನು ಹತ್ತನೇ ಕ್ಲಾಸು ಫೇಲು. ಡ್ರೈವಿಂಗ್ ಬಿಟ್ಟು ಬೇರೆ ಗೊತ್ತಿಲ್ಲ. ದೇವನಹಳ್ಳಿ ಕಡೆ ಹೋಗುವ ದಾರಿಯಲ್ಲಿ ಹೊಸದಾಗಿ ಎದ್ದ ಲಾ ಕಾಲೇಜಿಗೆ ಡ್ರೈವರ್ ಬೇಕು ಅಂದರು, ಸೇರಿಕೊಂಡೆ. ಕಾಲೇಜು ಅಂದರೆ ಪಾಠ ಅಂದುಕೊಂಡಿದ್ದೆ. ಅಲ್ಲಿ ಪಾಠಕ್ಕಿಂತ ಸಂಘಗಳೇ ಜಾಸ್ತಿ. ಸುಳ್ಳು ಕೇಸು ಇಟ್ಟುಕೊಂಡು ಕರಿಕೋಟು ಹಾಕಿ ವಾದ ಮಾಡುವುದಕ್ಕೆ ಒಂದು ಸಂಘ, ಚರ್ಚೆಗೆ ಒಂದು, ಪರಿಸರಕ್ಕೆ ಒಂದು, ಮಹಿಳೆಯರಿಗೆ ಒಂದು, ಹಳ್ಳಿಯವರಿಗೆ ಕಾನೂನು ನೆರವು ಕೊಡುವುದಕ್ಕೆ ಒಂದು. ಒಂದೊಂದಕ್ಕೂ ಅಧ್ಯಕ್ಷ, ಉಪಾಧ್ಯಕ್ಷ, ಕಾರ್ಯದರ್ಶಿ, ಜಂಟಿ ಕಾರ್ಯದರ್ಶಿ. ವ್ಯಾನ್ ಹತ್ತಿದರೆ ಪದವಿ ಇಲ್ಲದ ಒಬ್ಬನೂ ಸಿಗುತ್ತಿರಲಿಲ್ಲ. ದಾರಿಯುದ್ದಕ್ಕೂ ಒಂದೇ ಮಾತು: ಸಿವಿಗೆ ಏನು ಸೇರುತ್ತದೆ, ಏನು ಸೇರುವುದಿಲ್ಲ.

ಪರಿಸರದ ಸಂಘದವರು ಒಂದು ದಿನ ಕಾಲೇಜಿನ ಹಿಂದೆ ಹೊಂಗೆ ಸಸಿ ನೆಟ್ಟರು. ಒಂದು ತಂಡ ನೆಟ್ಟು ಫೋಟೊ ತೆಗೆಸಿಕೊಂಡು ಹೋಯಿತು. ಅದೇ ಸಸಿ ಕಿತ್ತು ಇನ್ನೊಂದು ತಂಡ ನೆಟ್ಟಿತು, ಆಮೇಲೆ ಮತ್ತೊಂದು. ಸಂಜೆ ಹೊತ್ತಿಗೆ ಸಸಿಯ ಬೇರೆಲ್ಲ ಬೋಳಾಗಿತ್ತು. ಅವತ್ತು ನಕ್ಕಿದ್ದೆ. ನಗಬಾರದಿತ್ತು ಅಂತ ಆಮೇಲೆ ಗೊತ್ತಾಯಿತು. ಸಸಿ ಜಾಗಕ್ಕೆ ನಮ್ಮ ಅಕ್ಕ ಬರುವವಳಿದ್ದಳು.

ನಮ್ಮ ಅಕ್ಕ ರತ್ನಮ್ಮ. ಮಧುರೆ ಹೋಬಳಿ ಕಡೆ ನಮ್ಮೂರಿನಲ್ಲೇ ಸೋದರಮಾವನಿಗೆ ಕೊಟ್ಟಿದ್ದು. ಭಾವ ದೊಡ್ಡಬಳ್ಳಾಪುರದಲ್ಲಿ ಪವರ್‌ಲೂಮ್ ಕೆಲಸಕ್ಕೆ ಹೋಗುತ್ತಾನೆ. ಅಕ್ಕ ರೇಷ್ಮೆ ಹುಳ ಸಾಕುತ್ತಾಳೆ. ಅವಳ ಸೊಪ್ಪಿನ ತೋಟ ಚಿಕ್ಕದು, ಊರಿನಾಚೆ. ಮಧ್ಯದ ಜಮೀನೆಲ್ಲ ಮಾರಾಟವಾಗಿ ಅಲ್ಲೊಂದು ಲೇಔಟ್ ಎದ್ದಿತು, ಸುತ್ತ ಕಾಂಪೌಂಡ್ ಬಂತು. ಹಿಂದಿನ ಬಂಡಿದಾರಿ ಕಾಂಪೌಂಡಿನ ಒಳಗೆ ಹೋಯಿತು. ಆಚೆ ಉಳಿದದ್ದು ಅಕ್ಕನ ತೋಟ ಒಂದೇ.

ಲೇಔಟಿನ ಸೂಪರ್‌ವೈಸರ್ ಸೀನಪ್ಪ, ಹೊಸಕೋಟೆ ಕಡೆಯವನು. ಮೊದಲ ದಿನವೇ ಅಕ್ಕ ಹೋಗಿ ಅವನ ಹತ್ತಿರ ಮಾತಾಡಿದ್ದಳು. ಬೆಳಿಗ್ಗೆ ಸಂಜೆ ಗೇಟು ತೆಗೆದಿರುತ್ತೇನೆ, ಸೊಪ್ಪು ತಗೊಂಡು ಹೋಗು ತಾಯಿ ಅಂದ. ಅಷ್ಟೇ. ಕಾಗದ ಇಲ್ಲ, ಪತ್ರ ಇಲ್ಲ. ಅಕ್ಕ ಅವನಿಗೆ ಆಗಾಗ ಅವರೆಕಾಯಿ, ಒಂದು ಹಿಡಿ ದಂಟಿನ ಸೊಪ್ಪು ಕೊಡುತ್ತಿದ್ದಳು. ಹಳ್ಳಿಯಲ್ಲಿ ಅರ್ಧ ದಾರಿಗಳು ಹೀಗೆ ಬಾಯಿಮಾತಿನ ಮೇಲೇ ನಡೆಯುತ್ತವೆ.

ಅಂಥ ಊರಿಗೆ ಕಾನೂನು ನೆರವಿನ ಸಂಘವನ್ನು ವ್ಯಾನಿನಲ್ಲಿ ಕರೆದುಕೊಂಡು ಹೋದವನು ನಾನೇ, ಡ್ಯೂಟಿ. ಸಂಘದ ಅಧ್ಯಕ್ಷ ನಿಖಿಲ್, ಬೆಂಗಳೂರಿನ ಹುಡುಗ, ನಾಲ್ಕನೇ ವರ್ಷ. ಒಳ್ಳೆ ಮಾತುಗಾರ. ನನ್ನನ್ನು ಮಂಜು ಬ್ರೋ ಅಂತಲೇ ಕರೆಯುತ್ತಿದ್ದ, ಹೆಗಲ ಮೇಲೆ ಕೈ ಹಾಕುತ್ತಿದ್ದ. ಶಾಲೆ ಜಗಲಿ ಮೇಲೆ ಬ್ಯಾನರ್ ಕಟ್ಟಿ ಸಮಸ್ಯೆ ಹೇಳಿ ಅಂದರೆ ಊರವರು ಯಾರೂ ಬಾಯಿ ಬಿಡಲಿಲ್ಲ. ಕೊಟ್ಟ ಬಿಸ್ಕತ್ತು ತಿಂದು ಎದ್ದು ಹೋದರು. ನಿಖಿಲನ ಮುಖ ಸಪ್ಪಗಾಯಿತು. ಅಷ್ಟರಲ್ಲಿ ಅಕ್ಕ ತಲೆ ಮೇಲೆ ಸೊಪ್ಪಿನ ಹೊರೆ ಹೊತ್ತು ಲೇಔಟಿನ ಗೇಟಿನಿಂದ ಹೊರಗೆ ಬಂದಳು. ನಿಖಿಲ್ ಓಡಿಹೋಗಿ ಫೋಟೊ ತೆಗೆದ. ಹಿಂದೆ ಪೂರ್ತಿ ತೆರೆದ ಗೇಟು, ಮುಂದೆ ನಗುತ್ತಿರುವ ಅಕ್ಕ. ಅವಳು ನಕ್ಕಿದ್ದು ವ್ಯಾನಿನ ಹತ್ತಿರ ನಿಂತ ನನ್ನನ್ನು ನೋಡಿ.

ಆಮೇಲೆ ಎಲ್ಲರೂ ಅವಳ ಹಿಂದೆ ಮನೆಗೆ ಹೋದರು. ಹುಳದ ಮನೆ ಒಳಗೆ ವಿಡಿಯೊ ಮಾಡಬೇಕಂತೆ. ಅಕ್ಕ ಬಾಗಿಲಿಗೆ ಅಡ್ಡ ನಿಂತಳು. ಹುಳ ಸಾಕುವ ಮನೆಗೆ ಹೊರಗಿನವರನ್ನು ಬಿಡುವುದಿಲ್ಲ, ಅದು ನಮ್ಮ ಕಡೆ ಕಟ್ಟುನಿಟ್ಟು. ರೋಗ ಬರುತ್ತದೆ. ದೃಷ್ಟಿ ಅಂತಲೂ ಅನ್ನುತ್ತಾರೆ. ಯಾರೋ ಒಬ್ಬಳು ಮೂಢನಂಬಿಕೆ ಅಂತ ಬರೆದುಕೊಂಡಳು. ಜಗಲಿ ಮೇಲೇ ಕೂತು ನಿಖಿಲ್ ಗೇಟಿನ ವಿಷಯ ಕೆದಕಿ ಕೆದಕಿ ಕೇಳಿದ.

ಸೀನಪ್ಪ ಬಿಡುತ್ತಾನಲ್ಲ, ನಮಗೇನೂ ತೊಂದರೆ ಇಲ್ಲ ಅಂದಳು ಅಕ್ಕ.

“ಇವತ್ತು ಬಿಡ್ತಾರೆ ಅಕ್ಕ. ನಾಳೆ ಅವರು ಬಿಟ್ಟಿಲ್ಲ ಅಂದ್ರೆ? ಇದು ನಿಮ್ಮ ಹಕ್ಕು. ಅವರ ದಯೆ ಯಾಕೆ ಬೇಕು ನಿಮಗೆ?”

ಆ ಮಾತು ಸುಳ್ಳಲ್ಲ. ಅದೇ ಅಕ್ಕನಿಗೂ ನಾಟಿದ್ದು. ರಾತ್ರಿ ಭಾವನಿಗೂ ಹೇಳಿದಳಂತೆ, ಹುಡುಗ ಹೇಳುವುದು ಸರಿಯಾಗೇ ಇದೆ ಅಂತ. ಹಳೇ ನಕಾಶೆ ತೆಗೆಸುತ್ತೇವೆ, ತಹಸೀಲ್ದಾರರಿಗೆ ಅರ್ಜಿ ಹಾಕುತ್ತೇವೆ, ಒಂದು ಪೈಸೆ ಬೇಡ ಅಂದಿದ್ದ ನಿಖಿಲ್. ಅಕ್ಕ ಸಹಿ ಮಾಡಿಕೊಟ್ಟಳು.

ಸಂಘದಲ್ಲಿ ಭಾಗ್ಯ ಅಂತ ಒಬ್ಬಳು ಜೂನಿಯರ್ ಹುಡುಗಿ ಇದ್ದಳು, ಸಾಸಲು ಕಡೆಯವಳು. ವಾಪಸ್ ಬರುವಾಗ ವ್ಯಾನಿನಲ್ಲಿ ಅವಳೊಬ್ಬಳೇ, ಮೊದಲು ನಕಾಶೆ ನೋಡೋಣ, ಆ ಸೂಪರ್‌ವೈಸರ್ ಹತ್ತಿರ ಒಂದು ಮಾತು ಆಡೋಣ ಅಂದಳು. ಅಷ್ಟೆಲ್ಲ ಟೈಮಿಲ್ಲ, ಫೆಸ್ಟಿಗೆ ಮುಂಚೆ ಏನಾದರೂ ಆ್ಯಕ್ಷನ್ ಕಾಣಿಸಬೇಕು ಅಂದ ನಿಖಿಲ್. ಫೆಸ್ಟ್ ಅಂದರೆ ಬೇರೆ ಬೇರೆ ಲಾ ಕಾಲೇಜಿನವರೆಲ್ಲ ನಮ್ಮ ಕಾಲೇಜಿಗೆ ಬಂದು ಸ್ಪರ್ಧೆ ಮಾಡುವ ಜಾತ್ರೆ. ಅದರಲ್ಲಿ ಒಳ್ಳೆ ಕಾನೂನು ನೆರವಿನ ಸಂಘಕ್ಕೆ ಬಹುಮಾನವಾಗಿ ಒಂದು ಕಪ್ಪು.

ನಕಾಶೆ ತೆಗೆಸಲಿಲ್ಲ. ಅರ್ಜಿ ಹಾಕಲಿಲ್ಲ. ಸಂಘದ ಹೆಸರಿರುವ ಕಾಗದದ ಮೇಲೆ ಇಂಗ್ಲಿಷಿನಲ್ಲಿ ಒಂದು ನೋಟೀಸು ಹೊಡೆದು ಲೇಔಟ್ ಓನರಿಗೆ ಕಳಿಸಿದರು. ದಾರಿ ಮುಚ್ಚಿದ್ದೀರಿ, ತೆರೆಯದಿದ್ದರೆ ಕೋರ್ಟಿಗೆ ಎಳೆಯುತ್ತೇವೆ ಅಂತ. ತೆರೆದಿದ್ದ ಗೇಟಿಗೆ ತೆರೆಯಿರಿ ಅಂತ ನೋಟೀಸು. ಅದು ತಲುಪಿದ ಮಾರನೇ ಬೆಳಿಗ್ಗೆ ಅಕ್ಕ ಹೋದರೆ ಗೇಟಿಗೆ ಬೀಗ.

ನಾನು ಸೀನಪ್ಪನ ಹತ್ತಿರ ಹೋದೆ. ಶೆಡ್ಡಿನ ಮುಂದೆ ಬೀಡಿ ಸೇದುತ್ತಾ ಕೂತಿದ್ದ. ನನ್ನ ಮುಖ ಕೂಡ ನೋಡಲಿಲ್ಲ.

“ನಾನ್ ಗೇಟ್ ತೆಗ್ದಿದ್ದು ನಿಮ್ಮಕ್ಕನ ಮುಖ ನೋಡಿ ಕಣಪ್ಪಾ. ಈಗ ಓನರ್ರು ನನ್ನೇ ಕೇಳ್ತಾವ್ರೆ, ಯಾರ್ನ ಕೇಳಿ ಬಿಟ್ಟೆ ಅಂತ. ಬಿಟ್ಟಿದ್ದಕ್ಕೇ ತಾನೆ ದಾರಿ ಐತೆ ಅಂತ ಕೇಸ್ ಹಾಕ್ತಿರೋದು?”

“ಅಕ್ಕಂಗೆ ಅದೆಲ್ಲ ಗೊತ್ತಿಲ್ಲ ಸೀನಪ್ಪಣ್ಣ. ಹುಳ ಅವೆ ಮನೇಲಿ.”

“ಗೊತ್ತು. ನಮ್ಮವ್ವನೂ ಸಾಕ್ತಿದ್ಲು. ನೋಟೀಸ್ ವಾಪಸ್ ತಗೊಂಡಿದೀವಿ ಅಂತ ಆ ಹುಡುಗ್ನ ಕೈಲಿ ಒಂದ್ ಕಾಗ್ದ ಬರ್ಸ್ಕೊಂಡ್ ಬಾ. ಓನರ್ರಿಗೆ ತೋರ್ಸಿ ಅವತ್ತೇ ಬೀಗ ತೆಗಿತೀನಿ.”

ನ್ಯಾಯವಾದ ಮಾತು. ಬೇಕಾಗಿದ್ದದ್ದು ಒಂದು ಸಾಲು.

ಹುಳದ ಲೆಕ್ಕ ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಹುಳ ನಾಲ್ಕು ಸಲ ಪೊರೆ ಬಿಡುತ್ತದೆ, ಅದಕ್ಕೆ ನಾವು ಜ್ವರ ಅನ್ನುತ್ತೇವೆ. ಜ್ವರಕ್ಕೆ ಕೂತಾಗ ತಿನ್ನುವುದಿಲ್ಲ. ನಾಲ್ಕನೇ ಜ್ವರ ಎದ್ದಮೇಲೆ ಗೂಡು ಕಟ್ಟುವ ತನಕ ರಾಕ್ಷಸರ ಹಾಗೆ ತಿನ್ನುತ್ತವೆ. ಮನೆಯಲ್ಲಿ ಮಳೆ ಬಂದ ಹಾಗೆ ಸದ್ದು. ಆಗ ಸೊಪ್ಪು ತಪ್ಪಿದರೆ, ಕೆಟ್ಟ ಸೊಪ್ಪು ಹಾಕಿದರೆ, ಅಷ್ಟು ದಿನದ ದುಡಿಮೆ ಮಣ್ಣು. ಬೀಗ ಬಿದ್ದಾಗ ಅಕ್ಕನ ಹುಳ ನಾಲ್ಕನೇ ಜ್ವರಕ್ಕೆ ಕೂತಿದ್ದವು.

ಮಾರನೇ ದಿನ ನಿಖಿಲನನ್ನು ಹುಡುಕಿಕೊಂಡು ಹೋದೆ. ಕಾಲೇಜಿನ ಸುಳ್ಳು ಕೋರ್ಟಿನಲ್ಲಿ ಇದ್ದ. ಮೇಲೆ ನ್ಯಾಯಾಧೀಶರ ಕುರ್ಚಿ, ಕಟಕಟೆ, ಎಲ್ಲ ತೇಗದ್ದು. ಇಬ್ಬರು ಹುಡುಗರು ಯಾವುದೋ ಇಲ್ಲದ ದೇಶದ ಸಮುದ್ರದ ಗಡಿ ಬಗ್ಗೆ ಕಿತ್ತಾಡುತ್ತಿದ್ದರು. ನಿಖಿಲ್ ಗಡಿಯಾರ ಹಿಡಿದು ಕೂತಿದ್ದ. ವಿಷಯ ಹೇಳಿದೆ. ಬೀಗ ಹಾಕಿದ್ದಾರೆ ಅಂದ ತಕ್ಷಣ ಅವನ ಕಣ್ಣು ಅರಳಿದ್ದನ್ನು ನಾನು ಮರೆಯುವುದಿಲ್ಲ. ಅವತ್ತೇ ಮಧ್ಯಾಹ್ನ ವ್ಯಾನ್ ತೆಗೆಸಿಕೊಂಡು ಊರಿಗೆ ಬಂದ. ಬೀಗದ ಗೇಟಿನ ಮುಂದೆ ಅಕ್ಕನನ್ನು ನಿಲ್ಲಿಸಿದ. ಖಾಲಿ ಕೈ ಬೇಡ, ಕುಡುಗೋಲು ಹಿಡಿದುಕೊಳ್ಳಿ, ಸ್ವಲ್ಪ ಬೇಜಾರಾದ ಹಾಗೆ ನೋಡಿ ಅಂದ. ಅಕ್ಕ ಬೇಜಾರು ನಟಿಸಬೇಕಾಗಿರಲಿಲ್ಲ.

ವಾಪಸ್ ಹೋಗುವಾಗ ಕಾಗದದ ಮಾತು ಎತ್ತಿದೆ.

“ಬ್ರೋ, ಈಗ ವಿಥ್‌ಡ್ರಾ ಮಾಡಿದ್ರೆ ನಾವು ಹೆದರ್ಕೊಂಡ್ವಿ ಅನ್ಸುತ್ತೆ. ರಿಪೋರ್ಟ್ ಸಬ್ಮಿಟ್ ಆಗಿದೆ. ಫೆಸ್ಟ್ ಮುಗೀಲಿ, ಅಲ್ಲೇ ಸೈನ್ ಮಾಡಿ ಕೊಡ್ತೀನಿ. ಪ್ರಾಮಿಸ್.”

“ಹುಳ ನಿಮ್ ಫೆಸ್ಟಿಗೆ ಕಾಯಲ್ಲ ನಿಖಿಲ್.”

“ಟೆನ್ಶನ್ ತಗೋಬೇಡಿ ಬ್ರೋ. ಅಕ್ಕನ್ನೂ ಕರ್ಕೊಂಡ್ ಬನ್ನಿ, ಸನ್ಮಾನ ಮಾಡೋಣ.”

ಹುಳ ಎದ್ದವು. ಭಾವ ಲೂಮ್ ಕೆಲಸ ತಪ್ಪಿಸಿ ಹೆದ್ದಾರಿ ಸುತ್ತಿ ಮೊಪೆಡ್ಡಿನಲ್ಲಿ ಸೊಪ್ಪು ಹೊತ್ತ. ಹೀಗೇ ತಪ್ಪಿಸಿದರೆ ಇನ್ನು ಬರಲೇಬೇಡ ಅಂತ ಲೂಮ್ ಯಜಮಾನ ಅಂದಮೇಲೆ ಕೆಲಸಕ್ಕೆ ಹೋದ. ಕಾಲೇಜು ಶುರುವಾಗುವ ಮುಂಚೆ ನಾನು ವ್ಯಾನಿನಲ್ಲಿ ತಂದೆ. ಹೊರೆಯಾಗಿ ತಂದರೆ ವ್ಯಾನಿನಲ್ಲಿ ಹಿಡಿಸುವುದಿಲ್ಲ, ಚೀಲಕ್ಕೆ ತುಂಬಬೇಕು. ತುಂಬಿದ ಸೊಪ್ಪನ್ನು ಬೇಗ ಬಿಚ್ಚಿ ಹರಡಬೇಕು, ಇಲ್ಲದಿದ್ದರೆ ಕಾವೇರುತ್ತದೆ. ಅಕ್ಕ ರಾತ್ರಿ ನಿದ್ದೆ ಮಾಡುತ್ತಿರಲಿಲ್ಲ. ಅವಳ ಬೆರಳಿನ ಸಂದಿಗಳು ಸೊಪ್ಪು ಕಿತ್ತು ಕಿತ್ತು ಕಪ್ಪಾಗಿ ಒಡೆದಿದ್ದವು.

ಫೆಸ್ಟ್ ದಿನ ಬೆಳಿಗ್ಗೆ ನಾನೂ ಅಕ್ಕನೂ ಸೊಪ್ಪು ತುಂಬಿಕೊಂಡು, ಮನೆಗೆ ಹಾಕಿ ಆಮೇಲೆ ಕಾಲೇಜಿಗೆ ಹೋಗುವುದು ಅಂತ ಇತ್ತು. ತೋಟದಿಂದ ಹೊರಟ ತಕ್ಷಣ ನಿಖಿಲನ ಫೋನು. ಮುಖ್ಯ ಅತಿಥಿ ಆಗಲೇ ದೇವನಹಳ್ಳಿ ಬೈಪಾಸಿನಲ್ಲಿ ಕಾಯುತ್ತಿದ್ದಾರೆ, ಅವರ ಕಾರು ಕೆಟ್ಟಿದೆ, ವ್ಯಾನ್ ಸೀದಾ ಬರಲಿ ಅಂದ. ಆಗುವುದಿಲ್ಲ ಅಂದೆ. ಫೋನು ಅಕ್ಕನಿಗೆ ಕೊಡಿ ಅಂದ. ಕಾಗದ ರೆಡಿ ಇದೆ ಅಕ್ಕ, ಬಂದು ಹತ್ತು ನಿಮಿಷ ಕೂತು ತಗೊಂಡು ಹೋಗಿ ಅಂದನಂತೆ. ಅಕ್ಕ ಸೊಪ್ಪಿನ ಚೀಲ ನೋಡಿದಳು, ಸೂರ್ಯನನ್ನು ನೋಡಿದಳು.

“ನಡಿಯಲಾ ಮಂಜಾ. ಕಾಗ್ದ ಇಸ್ಕೊಂಡ್ ಬಂದ್ಬಿಡಣ. ಸಂಜೆಗೆ ಗೇಟ್ ತೆಗಿತಾನೆ.”

ಕಾಲೇಜಿನಲ್ಲಿ ಅತಿಥಿ ಕೂರುವ ವ್ಯಾನಿನಲ್ಲಿ ಸೊಪ್ಪಿನ ಚೀಲ ಇರಬಾರದು ಅಂತ ಬಿಳಿ ಶರ್ಟಿನ ಸ್ವಯಂಸೇವಕರು ಇಳಿಸಿಬಿಟ್ಟರು. ಇಳಿಸಿದ್ದು ಪಾರ್ಕಿಂಗಿನ ಕಾಂಕ್ರೀಟಿನ ಮೇಲೆ. ಅಕ್ಕನನ್ನು ಕೈ ಹಿಡಿದು ಸಭೆಯ ಮುಂದಿನ ಸಾಲಿಗೆ ಕರೆದುಕೊಂಡು ಹೋದರು. ನಾನು ಬೈಪಾಸಿಗೆ ಹೋಗಿ ಅತಿಥಿಯನ್ನು ತರುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿತ್ತು. ಭಾಗ್ಯ ಒಬ್ಬಳೇ ಚೀಲಗಳನ್ನು ಗೋಡೆಯ ನೆರಳಿಗೆ ಎಳೆಯುತ್ತಿದ್ದಳು, ಸೀರೆ ಉಟ್ಟಿದ್ದಳು, ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು. ನಮ್ಮನೆಯಲ್ಲೂ ಹುಳ ಸಾಕುತ್ತಾರೆ ಅಣ್ಣ ಅಂದಳು, ಮುಖ ಎತ್ತಲಿಲ್ಲ. ಚೀಲದೊಳಗೆ ಕೈ ಹಾಕಿದೆ. ಜ್ವರ ಬಂದ ಮಗುವಿನ ಮೈ ಮುಟ್ಟಿದ ಹಾಗಿತ್ತು.

ಹತ್ತು ನಿಮಿಷ ಅಂದದ್ದು ಮಧ್ಯಾಹ್ನ ದಾಟಿತು. ಪ್ರಾರ್ಥನೆ, ದೀಪ, ಅತಿಥಿಯ ಪರಿಚಯ, ಅವರ ಭಾಷಣ, ನೆನಪಿನ ಕಾಣಿಕೆ. ನಾನು ಸಭೆಯ ಹಿಂದೆ ಬಾಗಿಲಲ್ಲಿ ನಿಂತಿದ್ದೆ. ನಿಖಿಲನ ಸರದಿ ಬಂತು. ದೊಡ್ಡ ಪರದೆ ಮೇಲೆ ಒಂದು ಫೋಟೊ: ಬೀಗ ಹಾಕಿದ ಗೇಟು, ಕುಡುಗೋಲು ಹಿಡಿದ ಅಕ್ಕ, ಬಾಡಿದ ಮುಖ. ನಾವು ಹೋಗುವ ಮುಂಚೆ ಅಂದ. ಆಮೇಲೆ ಇನ್ನೊಂದು: ಪೂರ್ತಿ ತೆರೆದ ಗೇಟು, ತಲೆ ಮೇಲೆ ಹೊರೆ, ನಗುತ್ತಿರುವ ಅಕ್ಕ. ನಾವು ಹೋದ ಮೇಲೆ ಅಂದ.

ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಮೊದಲು ತೆಗೆದದ್ದು ಆಮೇಲೆ, ಆಮೇಲೆ ತೆಗೆದದ್ದು ಮೊದಲು. ಅಷ್ಟೇ ಮಾಡಿದ್ದು. ಫೋಟೊ ಎರಡೂ ನಿಜವೇ.

ಅಕ್ಕನನ್ನು ವೇದಿಕೆಗೆ ಕರೆದು ಶಾಲು ಹೊದಿಸಿ ಮೈಕು ಕೊಟ್ಟರು. ಹೇಳುತ್ತಾಳೆ ಈಗ ಅಂದುಕೊಂಡೆ. ಅವಳು ನಿಖಿಲನ ಕೈ ನೋಡಿದಳು, ಕಾಗದ ಇದೆಯಾ ಅಂತ. ಆಮೇಲೆ ಮೈಕಿನಲ್ಲಿ, ಒಳ್ಳೇದಾಗಲಿ ನಿಮಗೆಲ್ಲ, ನಾನು ಬೇಗ ಹೋಗಬೇಕು, ಹುಳ ಹಸಿದಿವೆ ಅಂದಳು. ಜನ ನಕ್ಕರು, ಮತ್ತೆ ಚಪ್ಪಾಳೆ. ಕಪ್ಪು ನಿಖಿಲನಿಗೆ ಬಂತು.

ಕೆಳಗೆ ಇಳಿದ ಮೇಲೆ ನಾನೂ ಅಕ್ಕನೂ ಅವನನ್ನು ಹಿಡಿದೆವು. ಎಲ್ಲರೂ ಸೆಲ್ಫಿ ತೆಗೆದುಕೊಳ್ಳುತ್ತಿದ್ದರು. ಕಾಗದ ಕೇಳಿದೆ. ಅವನು ನನ್ನನ್ನು ಕಂಬದ ಮರೆಗೆ ಕರೆದ. ಅಕ್ಕನೂ ಹಿಂದೆಯೇ ಬಂದಳು.

“ಬ್ರೋ, ಪ್ರಾಕ್ಟಿಕಲ್ ಆಗಿ ಯೋಚ್ನೆ ಮಾಡಿ. ದಾರಿ ಓಪನ್ ಆಯ್ತು ಅಂತ ಈಗಷ್ಟೇ ಎಲ್ರ ಮುಂದೆ ತೋರ್ಸಿದೀವಿ. ಈಗ ನೋಟೀಸ್ ವಾಪಸ್ ಅಂತ ಬರ್ದು ಕೊಟ್ರೆ, ಇನ್ನೂ ಕ್ಲೋಸ್ ಇದೆ ಅಂತ ನಾನೇ ಒಪ್ಕೊಂಡ ಹಾಗಾಗುತ್ತೆ. ರೆಕಾರ್ಡಲ್ಲಿ ಪ್ರಾಬ್ಲಮ್ಮೇ ಇಲ್ವಲ್ಲ.”

ಅವನು ಅದನ್ನು ಸಿಟ್ಟಿನಿಂದ ಹೇಳಲಿಲ್ಲ. ಪಾಠ ಹೇಳುವ ಹಾಗೆ, ಪ್ರೀತಿಯಿಂದ ಹೇಳಿದ. ನನ್ನ ಹೆಗಲ ಮೇಲೆ ಕೈ ಇಟ್ಟಿದ್ದ. ಆ ಕೈಯನ್ನು ಕಿತ್ತು ಎಸೆದೆ. ಇನ್ನೂ ಏನೋ ಮಾಡುತ್ತಿದ್ದೆ, ಅಕ್ಕ ನನ್ನ ಶರ್ಟು ಹಿಡಿದು ಎಳೆದಳು.

“ಬಾರಲಾ. ಇಲ್ಲಿ ಸಿಗಲ್ಲ ಅದು.”

ಮನೆಗೆ ಬಂದು ಚೀಲ ಬಿಚ್ಚಿದರೆ ಒಳಗಿಂದ ಹಬೆ ಎದ್ದಿತು. ಸೊಪ್ಪು ಬೇಯಿಸಿದ ಹಾಗೆ ಕಪ್ಪಾಗಿತ್ತು. ಅಕ್ಕ ಒಂದೊಂದೇ ಎಲೆ ಆರಿಸಿದಳು, ನೀರು ಚಿಮುಕಿಸಿ ಹರಡಿ ಬೀಸಿದಳು. ಬೇರೆ ಸೊಪ್ಪು ಇಲ್ಲ, ಹುಳ ತಲೆ ಎತ್ತಿ ಎತ್ತಿ ಹುಡುಕುತ್ತಿವೆ. ಹಾಕಿದಳು. ಎರಡು ದಿನ ಬಿಟ್ಟು ಹುಳ ತಿನ್ನುವುದು ನಿಲ್ಲಿಸಿದವು. ಬಾಯಿಂದ ನೀರು ಸುರಿಸಿದವು, ಮೆತ್ತಗಾದವು, ಕಪ್ಪಾದವು. ಸಪ್ಪೆ ರೋಗ. ಆ ಮನೆಯ ಬಾಗಿಲು ತೆಗೆದರೆ ಬರುತ್ತಿದ್ದ ನಾತ ಹೇಗೆ ಹೇಳಲಿ. ಬೆರಳು ತಾಗಿದರೆ ಹುಳ ಒಡೆದು ಕೀವಿನ ಹಾಗೆ ಅಂಟುತ್ತಿತ್ತು. ನಾನೂ ಭಾವನೂ ಮೂಗಿಗೆ ಟವಲು ಕಟ್ಟಿಕೊಂಡು ಮಂಕರಿಗಟ್ಟಲೆ ಹೊತ್ತು ತಿಪ್ಪೆ ಪಕ್ಕ ಗುಂಡಿ ತೋಡಿ ಸುರಿದೆವು. ಅಕ್ಕ ಬಾಗಿಲಲ್ಲಿ ಕೂತಿದ್ದಳು. ಅಳಲಿಲ್ಲ. ಸುಣ್ಣ ಜಾಸ್ತಿ ಹಾಕಿ ಅಂದಳು, ಅಷ್ಟೇ.

ಕಾಂಪೌಂಡಿನ ಆಚೆಯಿಂದ ಸೀನಪ್ಪ ನೋಡುತ್ತಿದ್ದ. ನಾತ ಅವನ ಶೆಡ್ಡಿಗೂ ಹೋಗಿರಬೇಕು. ಮಾರನೇ ದಿನ ಬಂದು ಬಾಗಿಲ ಹತ್ತಿರ ನಿಂತ. ಕಾಗದದ ಮಾತು ಎತ್ತಲಿಲ್ಲ.

“ತೆಗ್ದಿದೀನಿ ಕಣಮ್ಮಾ. ಓನರ್ರು ಬಂದಾಗ ಮಾತ್ರ ಹಾಕಿರ್ತೀನಿ. ಹೊತ್ತು ಮುಳುಗೋ ಮುಂಚೆ ಬಂದ್ಬಿಡು.”

ಹುಳ ಇಲ್ಲದ ಮೇಲೆ ಗೇಟು ತೆರೆಯಿತು.

ನಾನು ಆ ತಿಂಗಳೇ ಕಾಲೇಜಿನ ವ್ಯಾನ್ ಬಿಟ್ಟೆ. ಈಗ ಕೋಳಿ ಫಾರಂನ ಲೋಡು ಓಡಿಸುತ್ತೇನೆ, ಅದರ ವಾಸನೆ ಎಷ್ಟೋ ವಾಸಿ. ಭಾಗ್ಯ ಸಂಘ ಬಿಟ್ಟಳು ಅಂತ ಕೇಳಿದೆ. ಮುಂದಿನ ಬೇಸಿಗೆಯಲ್ಲಿ ಕಾಲೇಜಿನವರು ಅಡ್ಮಿಷನ್ನಿನ ಫ್ಲೆಕ್ಸು ಮಾಡಿಸಿ ಊರೂರಿಗೆ ಕಟ್ಟಿದರು. ನಮ್ಮೂರಿನಲ್ಲಿ ಕಟ್ಟಿದ್ದು ಅದೇ ಲೇಔಟಿನ ಕಾಂಪೌಂಡಿಗೆ. ಕಪ್ಪು ಹಿಡಿದ ನಿಖಿಲ್, ಪಕ್ಕದಲ್ಲಿ ತೆರೆದ ಗೇಟು, ಹೊರೆ ಹೊತ್ತು ನಗುವ ಅಕ್ಕ. ಅಕ್ಕ ದಿನಾ ತನ್ನ ಮುಖದ ಕೆಳಗೇ ಸೊಪ್ಪು ಹೊತ್ತು ಓಡಾಡಿದಳು. ಮಳೆಗಾಲಕ್ಕೆ ಫ್ಲೆಕ್ಸಿನ ಒಂದು ಮೂಲೆ ಕಿತ್ತುಬಂತು. ಅವಳೇ ಬಿಚ್ಚಿ ತಂದು ತಿಪ್ಪೆ ಮೇಲೆ ಹೊದಿಸಿ ಕಲ್ಲು ಹೇರಿದಳು. ಗಟ್ಟಿ ಮಾಲು, ಇನ್ನೂ ಹರಿದಿಲ್ಲ.

ಟೀ ಚೆಲ್ಲಿದ ದಿನ ಸೀದಾ ಅಕ್ಕನ ಮನೆಗೆ ಹೋದೆ. ಹುಳ ಇದ್ದವು, ಚೆನ್ನಾಗಿ ಎದ್ದಿದ್ದವು. ನಾನು ಜಗಲಿಯಲ್ಲಿ ಕೂತಿದ್ದಾಗ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು. ನಿಖಿಲ್. ಓದು ಮುಗಿಸಿದ್ದಾನೆ. ಇನ್ನೂ ಮೇಲಕ್ಕೆ ಓದಲು ಹೊರದೇಶಕ್ಕೆ ಅರ್ಜಿ ಹಾಕಿದ್ದಾನಂತೆ. ಸಮಾಜಸೇವೆಗೆ ಸಾಕ್ಷಿಯಾಗಿ ಅಕ್ಕನದೊಂದು ಚಿಕ್ಕ ವಿಡಿಯೊ ಬೇಕಂತೆ, ಅವನೇ ಬಂದು ತೆಗೆದುಕೊಳ್ಳುತ್ತಾನಂತೆ. ನನ್ನ ಬಾಯಿಗೆ ಬಂದದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ. ಅದನ್ನು ಹೇಳುವ ಮುಂಚೆ ಅಕ್ಕ ಒಳಗಿಂದ ಯಾರು ಅಂದಳು. ಸ್ಪೀಕರ್ ಹಾಕಿ ಹಿಡಿದೆ.

“ಹುಳ ಅವೆ ಕಣಪ್ಪ. ಹೊರಗಿನೋರ್ನ ಬಿಡಲ್ಲ.”

“ಅಕ್ಕಾ, ಒಳಗೆ ಬರಲ್ಲ. ಜಗಲಿ ಮೇಲೆ ಸಾಕು, ಒಂದೇ ನಿಮಿಷ.”

“ಜಗಲಿಗೂ ಬಿಡಲ್ಲ” ಅಂದಳು ಅಕ್ಕ. ನನಗೆ ಫೋನು ಇಡು ಅಂತ ಕೈ ಆಡಿಸಿದಳು.

ದಯೆ ಯಾಕೆ, ಹಕ್ಕು ಅಂತ ಅವನು ಅವತ್ತು ಹೇಳಿದ ಮಾತು ಈಗಲೂ ಸುಳ್ಳಲ್ಲ, ಅದೇ ನನಗೆ ಜಾಸ್ತಿ ಉರಿಯುವುದು. ಇವತ್ತಿಗೂ ನಕಾಶೆ ತೆಗೆಸಿದವರಿಲ್ಲ, ಇವತ್ತಿಗೂ ಸೀನಪ್ಪ ಬಿಟ್ಟರೆ ದಾರಿ. ಅಕ್ಕ ಹೊರಗೆ ಬಂದು ಆಕಾಶ ನೋಡಿದಳು. ಹೊತ್ತು ಇಳಿಯುತ್ತಿತ್ತು. ಹೊಸಿಲ ಹತ್ತಿರ ಸೀನಪ್ಪನಿಗೆ ಅಂತ ತೆಗೆದಿಟ್ಟಿದ್ದ ಅವರೆಕಾಯಿ ಮಡಿಲಿಗೆ ಹಾಕಿಕೊಂಡಳು, ಕುಡುಗೋಲು ತೆಗೆದುಕೊಂಡಳು, ಗೇಟು ಹಾಕುವ ಮುಂಚೆ ಸೊಪ್ಪು ತರಬೇಕು ಅಂತ ತಿಪ್ಪೆ ಪಕ್ಕದಿಂದ ದಾಪುಗಾಲು ಹಾಕಿದಳು.